‘ಇಲ್ಲ’ ಎನ್ನಬೇಕಾದ ಕುರ್ಚಿ

ಇಸ್ತ್ರಿಯಕ್ಕನಿಗೆ ಸಿಕ್ಕಿದ್ದು ಐದನೆಯ ಕುರ್ಚಿ. ಊರಿನಲ್ಲಿ ಯಾರಾದರೂ ನಿಯಮ ಮೀರಿ ಕಟ್ಟಡ ಕಟ್ಟಿದರೆ ನಗರಸಭೆಯ ಇನ್ಸ್‌ಪೆಕ್ಟರು ಬಂದು ಬಾಗಿಲಿಗೆ ಮೊಹರು ಜಡಿಯುತ್ತಾನೆ. ಜಡಿಸಿಕೊಂಡವರು ಅನ್ಯಾಯವಾಯಿತೆಂದು ಮೇಲ್ಮನವಿ ತಂದರೆ ಅದನ್ನು ಕೇಳಿ ಸರಿ ತಪ್ಪು ಹೇಳುವುದು ಕಟ್ಟಡ ನಿಯಮಗಳ ಮೇಲ್ವಿಚಾರಣಾ ಮಂಡಳಿ. ಆ ಮಂಡಳಿಗೆ ಐದು ಜನ, ಒಂದೊಂದು ಕುರ್ಚಿಗೂ ಒಂದೊಂದು ಅರ್ಹತೆ. ಅಧ್ಯಕ್ಷರಿಗೆ ನಕ್ಷೆ ಬರೆಯುವ ಪದವಿ ಇರಬೇಕು. ಎರಡನೆಯವರು ಎಂಜಿನಿಯರ್ ಆಗಿರಬೇಕು. ಮೂರನೆಯವರು ಗಾರೆ ಕೆಲಸದಲ್ಲಿ ಕೈ ಸವೆಸಿದ ಮೇಸ್ತ್ರಿ, ನಾಲ್ಕನೆಯವರು ಪರವಾನಗಿ ಇರುವ ಎಲೆಕ್ಟ್ರಿಷಿಯನ್.

ಐದನೆಯ ಕುರ್ಚಿಯ ಅರ್ಹತೆ ಮಾತ್ರ ತಲೆಕೆಳಗು. ಅದರಲ್ಲಿ ಕೂರುವವರಿಗೆ ಕಟ್ಟಡದ ಕಸುಬಿನ ಜೊತೆ ನಂಟೇ ಇರಬಾರದು. ತಮಗೂ ಇರಬಾರದು, ಒಂದೇ ಸೂರಿನಡಿ ಬಾಳುವ ಮನೆಯವರಿಗೂ ಇರಬಾರದು, ಹಿಂದಿನ ಒಂದು ವರ್ಷದಲ್ಲಿ ಇದ್ದಿರಲೂ ಬಾರದು. ಮಿಕ್ಕ ನಾಲ್ವರೂ ಆ ಕಸುಬಿನಿಂದಲೇ ಅನ್ನ ತಿನ್ನುವವರಾದ್ದರಿಂದ ಅದರ ಹಂಗಿಲ್ಲದ ಒಂದು ಬಾಯಿಯಾದರೂ ಅಲ್ಲಿರಲಿ ಎಂದು ನಿಯಮ ಮಾಡಿದವರ ಲೆಕ್ಕಾಚಾರ.

ಹೇಳುವುದಕ್ಕೆ ಸುಲಭ, ಹುಡುಕುವುದಕ್ಕೆ ಕಷ್ಟ. ಊರು ಬೆಳೆಯುತ್ತಿದ್ದ ಕಾಲ ಅದು. ಒಬ್ಬನ ಮಗ ಮರಳು ಹೊಡೆಸುತ್ತಿದ್ದ, ಇನ್ನೊಬ್ಬಳ ಅಳಿಯ ಬಣ್ಣ ಬಳಿಯುತ್ತಿದ್ದ. ಮಂಡಳಿಯ ಗುಮಾಸ್ತ ಹುಡುಕಿ ಹುಡುಕಿ ಸುಸ್ತಾಗಿ, ಒಂದು ದಿನ ತನ್ನ ಪ್ಯಾಂಟು ಇಸ್ತ್ರಿಗೆ ಕೊಡಲು ಬಂದವನು ಮೇಜಿನ ಹಿಂದೆ ನಿಂತಿದ್ದ ಹೆಂಗಸನ್ನೇ ಪಿಳಿಪಿಳಿ ನೋಡಿದ.

“ಅಕ್ಕ, ನಿಮ್ಮ ಮನೇಲಿ ಯಾರಾದರೂ ಇಟ್ಟಿಗೆ ಮುಟ್ಟಿದವರು ಇದ್ದಾರಾ?”

“ಯಾಕಪ್ಪಾ, ಯಾರ ತಲೆ ಮೇಲಾದರೂ ಬಿತ್ತಾ?” ಅಂದಳು ಇಸ್ತ್ರಿಯಕ್ಕ.

ಹೀಗೆ ಅವಳು ಮಂಡಳಿ ಸೇರಿದಳು. ಮೊದಮೊದಲು ಬೀದಿಯವರು ಆಡಿಕೊಂಡದ್ದು ಅಷ್ಟಿಷ್ಟಲ್ಲ. ಏನೂ ಗೊತ್ತಿಲ್ಲದವರಿಗೂ ಕುರ್ಚಿ ಕೊಡುತ್ತಾರಂತೆ, ಹಾಗಾದರೆ ನಮ್ಮ ಮನೆಯ ಬೆಕ್ಕನ್ನೂ ಕಳಿಸೋಣ ಎಂದು ಎದುರು ಸಾಲಿನ ಬೀಗದ ಅಂಗಡಿಯವನು ನಗುತ್ತಿದ್ದ. ಅವಳೂ ನಗುತ್ತಿದ್ದಳು. ಒಳಗೆ ಮಾತ್ರ ಬೇರೆಯದೇ ನಡೆಯುತ್ತಿತ್ತು. ಪ್ರಾಯವೆಲ್ಲ ಮೇಜಿನ ಹಿಂದೆ ನಿಂತೇ ಸವೆದ ಕಾಲು ಅವಳದು. ಬೇರೆಯವರ ತೋಳು, ಬೇರೆಯವರ ಕೊರಳಪಟ್ಟಿ ನೀಟು ಮಾಡಿ ಕಳಿಸುವುದರಲ್ಲೇ ಬದುಕು ಕಳೆದಿತ್ತು. ತಿಂಗಳಿಗೊಮ್ಮೆ ಆ ಉದ್ದನೆಯ ಕೋಣೆಯಲ್ಲಿ, ಗಾಜು ಹಾಸಿದ ಮೇಜಿನ ಕೊನೆಯಲ್ಲಿ ಬೆನ್ನು ಒರಗಿಸಿ ಕೂತಾಗ, ವಾದವೆಲ್ಲ ಮುಗಿದ ಮೇಲೆ ಅಧ್ಯಕ್ಷರು ಕನ್ನಡಕದ ಮೇಲಿಂದ ನೋಡಿ “ಅಮ್ಮಾ, ನೀವೇನಂತೀರಿ?” ಎಂದು ಕೇಳುತ್ತಿದ್ದರು. ಆ ಒಂದು ಪ್ರಶ್ನೆಗಾಗಿ ಅವಳು ಇಡೀ ತಿಂಗಳು ಕಾಯುತ್ತಿದ್ದಳು. ನೀವೇನಂತೀರಿ ಎಂದು ಅವಳನ್ನು ಅದುವರೆಗೆ ಕೇಳಿದವರಿರಲಿಲ್ಲ. ಬೇಗ ಕೊಡು, ಸುಟ್ಟೀಯೆ ಜೋಕೆ ಎಂದವರೇ ಎಲ್ಲ.

ಆ ಮಂಡಳಿಯಲ್ಲಿ ಒಂದು ಪದ್ಧತಿ ಇತ್ತು. ಪ್ರತಿ ಸಭೆಯ ಮೊದಲು ಗುಮಾಸ್ತ ಎದ್ದು ನಿಂತು ಒಂದೊಂದು ಕುರ್ಚಿಯ ಅರ್ಹತೆಯನ್ನೂ ಗಟ್ಟಿಯಾಗಿ ಓದುತ್ತಿದ್ದ. ಕುರ್ಚಿಯವರು ಎದ್ದು ಉತ್ತರ ಹೇಳಿ ಕೂರಬೇಕು. ನಾಲ್ವರೂ ಸಾಲಾಗಿ “ಇದೆ, ಇದೆ” ಎನ್ನುತ್ತಿದ್ದರು. ಕೊನೆಯಲ್ಲಿ ಇಸ್ತ್ರಿಯಕ್ಕ ಎದ್ದು “ಇಲ್ಲ” ಎನ್ನುತ್ತಿದ್ದಳು. ನಂಟು ಇಲ್ಲ. ಅದೇ ಅವಳ ಪದವಿ, ಅದೇ ಪರವಾನಗಿ. ಶುರುವಿನಲ್ಲಿ ಅದನ್ನು ಹೇಳುವಾಗ ನಾಚಿಕೆಯಿಂದ ತಲೆ ತಗ್ಗುತ್ತಿತ್ತು. ಬರಬರುತ್ತ ಆ ಪದವನ್ನು ಅವಳು ಎದೆ ಸೆಟೆಸಿ ಹೇಳತೊಡಗಿದ್ದಳು.

ಹೀಗಿರುವಾಗ ಬಸ್ಸು ನಿಲ್ದಾಣದ ಹಿಂದಿನ ಮೂರು ಅಂತಸ್ತಿನ ಕಟ್ಟಡದ ವಿಷಯ ಮಂಡಳಿಯ ಮುಂದೆ ಬಂತು. ಕೆಳಗೆ ಅಂಗಡಿಗಳು, ನಡುವೆ ಗೋದಾಮು, ಮೇಲೆ ಮಕ್ಕಳಿಗೆ ಪಾಠ ಹೇಳುವ ಟ್ಯೂಷನ್ ಕೋಣೆಗಳು. ನಕ್ಷೆಯಲ್ಲಿ ಮುಂದೊಂದು ಹಿಂದೊಂದು ಎರಡು ಮೆಟ್ಟಿಲು ತೋರಿಸಿ, ಕಟ್ಟಿದ ಮೇಲೆ ಹಿಂದಿನದಕ್ಕೆ ಗೋಡೆ ಎಬ್ಬಿಸಿ ಆ ಜಾಗವನ್ನೂ ಉಗ್ರಾಣ ಮಾಡಿದ್ದರು. ಇನ್ಸ್‌ಪೆಕ್ಟರು ಮೇಲಂತಸ್ತಿಗೆ ಮೊಹರು ಹಾಕಿದ. ಕಟ್ಟಿಸಿದ ಕಂಟ್ರಾಕ್ಟರು ಮಂಡಳಿಗೆ ಬಂದ. ಮುಂದಿನ ಮೆಟ್ಟಿಲೇ ಬೇಕಾದಷ್ಟು ಅಗಲವಿದೆ, ಇನ್ನೊಂದು ಯಾಕೆ ಎಂಬುದು ಅವನ ವಾದ. ಅಧ್ಯಕ್ಷರೂ ಮೇಸ್ತ್ರಿಯೂ ತಲೆದೂಗಿದರು. ಎಂಜಿನಿಯರೂ ಎಲೆಕ್ಟ್ರಿಷಿಯನ್ನೂ ಕೂಡದೆಂದರು. ಮೊಹರು ತೆಗೆಸಬೇಕಾದರೆ ಮೂರು ಮತ ಬೇಕು. ಎಲ್ಲರ ಕಣ್ಣೂ ಮೇಜಿನ ಕೊನೆಗೆ ತಿರುಗುವ ಹೊತ್ತಿಗೆ ಸಭೆಯ ಸಮಯ ಮುಗಿದು, ಮತ ಹಾಕುವುದು ಮುಂದಿನ ಸಭೆಗೆ ಹೋಯಿತು.

ಇಸ್ತ್ರಿಯಕ್ಕ ಆಗಲೇ ತೀರ್ಮಾನ ಮಾಡಿಯಾಗಿತ್ತು. ಮೇಲಂತಸ್ತಿನಲ್ಲಿ ಮಕ್ಕಳನ್ನು ತುಂಬಿ ಇಳಿಯಲು ಒಂದೇ ದಾರಿ ಬಿಡುವುದನ್ನು ಒಪ್ಪಲು ಅವಳಿಗೆ ಮನಸ್ಸಿರಲಿಲ್ಲ. ಒಪ್ಪುವುದಿಲ್ಲವೆಂಬುದು ಅವಳ ಮುಖದಲ್ಲೇ ಬರೆದಿತ್ತು. ಅದನ್ನು ಕಂಟ್ರಾಕ್ಟರು ಓದಿಕೊಂಡು ಹೋದನೆಂಬುದು ಮಾತ್ರ ಅವಳಿಗೆ ಹೊಳೆಯಲಿಲ್ಲ.

ಸಭೆಯ ಹಿಂದಿನ ದಿನ ಮಧ್ಯಾಹ್ನ, ಗಿರಾಕಿಗಳ ಬಟ್ಟೆ ಮುಗಿಸಿ ಅವಳು ಗಂಡನ ಅಂಗಿಯನ್ನು ಮೇಜಿಗೆ ಹರವಿದಳು. ನಾಳೆ ಅವನೂ ಸಭೆ ನೋಡಲು ಬರುತ್ತೇನೆಂದಿದ್ದ. ತೋಳಿನ ಪಟ್ಟಿಯ ಮೇಲೆ ಇಸ್ತ್ರಿಪೆಟ್ಟಿಗೆ ಎಳೆದರೆ ಕರಕ್ ಎಂದಿತು. ಗುಂಡಿ ತಾಗಿರಬೇಕೆಂದು ಬಟ್ಟೆ ತಿರುವಿದಳು. ಗುಂಡಿಯಲ್ಲ. ಹೊಲಿಗೆಯ ಸಂದಿನಲ್ಲಿ ಬೂದು ಬಣ್ಣದ, ಸಾಸಿವೆಗಿಂತ ಸಣ್ಣ ಹರಳುಗಳು ಕಚ್ಚಿಕೊಂಡಿದ್ದವು. ಉಗುರಿನಿಂದ ಕೆರೆದಳು, ಬಿಡಲಿಲ್ಲ.

ಬೀದಿಯ ಧೂಳಾಗಿದ್ದರೆ ಒಗೆದಾಗಲೇ ಹೋಗುತ್ತಿತ್ತು. ಮಣ್ಣು ನೀರಿಗೆ ಕರಗುತ್ತದೆ, ಸಿಮೆಂಟು ನೀರಿಗೆ ಕಲ್ಲಾಗುತ್ತದೆ. ಗಾರೆ ಕೆಲಸದವರ ಬಟ್ಟೆ ಬಂದಾಗಲೆಲ್ಲ ಹೊಲಿಗೆ ಬಿಡಿಸಿ ನೋಡಿಯೇ ಅವಳು ಪೆಟ್ಟಿಗೆ ಇಡುತ್ತಿದ್ದಳು, ತಳ ಗೀಚಿಹೋಗುತ್ತದೆಂದು. ಗಂಡನ ಅಂಗಿಯಲ್ಲಿ ಹುಡುಕಬೇಕೆಂದು ಅವಳಿಗೆ ಅನಿಸಿರಲೇ ಇಲ್ಲ. ಜೇಬಿನ ಮೂಲೆ ನೋಡಿದಳು. ಅಲ್ಲೂ ಇತ್ತು.

ಅವಳ ಗಂಡ ಊರಿನ ಬಸ್ಸು ಓಡಿಸಿ ನಿವೃತ್ತನಾದವನು. ಗೇರು ಹಾಕುವ ಕೈ ಸುಮ್ಮನೆ ಕೂರಲು ಒಪ್ಪುತ್ತಿರಲಿಲ್ಲ. ಸಿನಿಮಾ ಮಂದಿರದಲ್ಲಿ ಟಿಕೆಟ್ ಹರಿಯುವ ಕೆಲಸಕ್ಕೆ ಹೋಗಿ ಜಗಳವಾಡಿ ಬಂದಿದ್ದ, ಶಾಲೆಯ ಗೇಟು ಕಾಯಲು ಹೋಗಿ ಅಲ್ಲಿಂದಲೂ ಮುಖ ಊದಿಸಿಕೊಂಡು ಬಂದಿದ್ದ. ಈಚೆಗೆ ದಿನಾ ಬೆಳಗ್ಗೆ ವಾಚನಾಲಯಕ್ಕೆ ಹೋಗುತ್ತೇನೆಂದು ಹೊರಡುತ್ತಿದ್ದ. ಸಂಜೆ ಬಂದವನ ಮುಖದಲ್ಲಿ ಕಳೆ ಇರುತ್ತಿತ್ತು. ಪೇಪರು ಓದಿ ಇಷ್ಟು ಹುರುಪು ಬರುವುದಾದರೆ ಓದಲಿ ಬಿಡು ಎಂದುಕೊಂಡು ಅವಳೂ ಕೆದಕಿರಲಿಲ್ಲ.

ಸಂಜೆ ಅವನು ಒಳಗೆ ಕಾಲಿಟ್ಟಾಗ ಅವಳು ಅಂಗಿಯನ್ನು ಮಡಚದೆ ಮೇಜಿನ ಮೇಲೇ ಬಿಟ್ಟಿದ್ದಳು.

“ರೀ, ವಾಚನಾಲಯದ ಗೋಡೆಗೆ ಗಾರೆ ಹಾಕಿಸ್ತಾ ಇದ್ದಾರಾ?”

“ಯಾಕೆ?”

“ತೋಳು ನೋಡಿ.”

ಅವನು ನೋಡಲಿಲ್ಲ. ಚಪ್ಪಲಿ ಬಿಡುವುದರಲ್ಲೇ ಬೇಕಂತ ತಡಮಾಡಿದ. “ಹೇಳೋಣ ಅಂತಲೇ ಇದ್ದೆ ಕಣೇ. ಒಂದು ತಿಂಗಳು ನಿಂತು ತೋರಿಸಿ ಆಮೇಲೆ ಹೇಳೋಣ ಅಂತ. ಇಲ್ಲಾಂದ್ರೆ ನೀನು ಮತ್ತೆ ನಗ್ತಿದ್ದೆ.”

“ಎಲ್ಲಿ ಕೆಲಸ?”

“ಒಂದು ಗೋದಾಮಲ್ಲಿ. ಚೀಲ ಬರುತ್ತೆ, ಹೋಗುತ್ತೆ, ನೋಡಿಕೊಳ್ಳೋದು. ಕುರ್ಚಿ ಕೊಟ್ಟಿದ್ದಾರೆ, ಫ್ಯಾನ್ ಇದೆ. ಎಲ್ಲರೂ ಡ್ರೈವರಣ್ಣ ಅಂತಾರೆ.”

“ಯಾರ ಗೋದಾಮು ರೀ?”

ಅವನು ಹೇಳಿದ. ಬಸ್ಸು ನಿಲ್ದಾಣದ ಹಿಂದೆ ಆ ಮೂರು ಅಂತಸ್ತು ಕಟ್ಟಿಸಿದ ಕಂಟ್ರಾಕ್ಟರದೇ. ಕಳೆದ ಸಭೆ ಮುಗಿದ ವಾರದಲ್ಲೇ ಕಂಟ್ರಾಕ್ಟರು ತಾನಾಗಿ ಹುಡುಕಿಕೊಂಡು ಬಂದು, ವಾಚನಾಲಯದ ಮೆಟ್ಟಿಲ ಮೇಲೆ ಪಕ್ಕದಲ್ಲಿ ಕೂತು, ನಿಮ್ಮಂಥ ನಂಬಿಕಸ್ಥರು ಬೇಕು ಎಂದು ಕೇಳಿದ್ದ.

ಇಸ್ತ್ರಿಯಕ್ಕ ಅಂಗಿಯನ್ನು ಅವನ ಮುಂದಕ್ಕೆ ತಳ್ಳಿದಳು. “ನನ್ನ ಕುರ್ಚಿ ನೆನಪಾಗಲಿಲ್ವಾ ನಿಮಗೆ?”

“ಆಗದೆ ಏನು? ನಾನೇ ಕೇಳಿದೆ ಅವರನ್ನ. ನಮ್ಮವಳು ಮಂಡಳಿಯಲ್ಲಿದ್ದಾಳೆ, ತೊಂದರೆ ಆಗುತ್ತಾ ಅಂತ. ಚೀಲ ಕಾಯೋದು ಕಟ್ಟೋ ಕೆಲಸ ಹೇಗಾಗುತ್ತೆ ಡ್ರೈವರಣ್ಣ, ನೀವೇನು ಕರಣೆ ಹಿಡಿದಿದ್ದೀರಾ ಅಂದರು. ನನಗೂ ಹೌದು ಅನ್ನಿಸ್ತು.”

“ನನ್ನನ್ನ ಕೇಳೋಕೇನಾಗಿತ್ತು?”

ಅವನು ತಲೆ ಕೆರೆದು, “ಬಿಟ್ಟುಬಿಡ್ತೀನಿ ಬಿಡು. ಬೆಳಗ್ಗೆನೇ ಹೋಗಿ ಬಿಟ್ಟುಬಿಡ್ತೀನಿ” ಎಂದ.

“ಬಿಟ್ಟರೂ ಅಷ್ಟೇ. ಹಿಂದಿನ ಒಂದು ವರ್ಷ ಅಂತ ಇದೆ. ಪ್ರತಿ ತಿಂಗಳೂ ಕಿವಿಯಾರೆ ಕೇಳ್ತೀನಿ ನಾನು.”

ರಾತ್ರಿ ಊಟ ತಟ್ಟೆಯಲ್ಲೇ ಆರಿತು. ಅವನ ಮೇಲೆ ಕೂಗಾಡಿ ಹಗುರಾಗೋಣವೆಂದರೆ, ಡ್ರೈವರಣ್ಣ ಅಂತಾರೆ ಎಂದು ಹೇಳುವಾಗ ಅವನ ದನಿ ಮಗುವಿನ ದನಿಯಂತೆ ಆದದ್ದು ಅವಳ ಕಿವಿಯಿಂದ ಹೋಗಲೊಲ್ಲದು. ಅವನಿಗೂ ಒಂದು ಕುರ್ಚಿ ಬೇಕಾಗಿತ್ತು. ಆದರೆ ಅದನ್ನು ಇವನು ನನ್ನ ಕುರ್ಚಿಯ ಕಾಲು ಮುರಿದು ಮಾಡಿಸಿಕೊಂಡನಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು.

ಬೆಳಗ್ಗೆ ಅಂಗಡಿಯ ಬಾಗಿಲು ಎತ್ತುತ್ತಿದ್ದಂತೆ ಕಂಟ್ರಾಕ್ಟರೇ ಬಂದು ನಿಂತ. ಕೈಯಲ್ಲಿ ಮಡಿಸಿದ ಒಂದು ಬಿಳಿ ಅಂಗಿ. ಆ ಅಂಗಿಗೆ ಇಸ್ತ್ರಿ ಆಗಲೇ ಆಗಿತ್ತು.

“ಅಕ್ಕ, ಇದೊಂದು ಮಾಡಿಕೊಡ್ತೀರಾ? ಸಭೆಗೆ ಹಾಕಿಕೊಳ್ಳೋಣ ಅಂತ.”

“ಮಾಡಿರೋದಕ್ಕೆ ಮತ್ತೆ ಮಾಡೋದಿಲ್ಲ ನಾನು.”

ಅವನು ನಕ್ಕ. ಬೆಂಚಿನ ಮೇಲೆ ಕೇಳದೆಯೇ ಕೂತ. “ನಿಮ್ಮ ಯಜಮಾನರು ಬಹಳ ಒಳ್ಳೆಯವರು. ಅವರು ಬಂದ ಮೇಲೆ ಗೋದಾಮಿನಲ್ಲಿ ಒಂದು ಚೀಲ ಆಚೀಚೆ ಆಗಿಲ್ಲ. ನಿಮ್ಮ ಬಗ್ಗೆ ಅಂತೂ ಹೇಳಿದ್ದೇ ಹೇಳಿದ್ದು. ನಮ್ಮವಳಿಗೆ ಆ ಕುರ್ಚಿ ಅಂದರೆ ಜೀವ, ಸಭೆಯ ಹಿಂದಿನ ದಿನ ನಿದ್ದೆ ಮಾಡಲ್ಲ ಅಂತ.”

ಇಸ್ತ್ರಿಯಕ್ಕ ಪೆಟ್ಟಿಗೆಯ ತಂತಿ ಬಿಡಿಸುತ್ತ ನಿಂತಳು. ಅವನ ಕಡೆ ನೋಡದೆ ಗಂಟಿಲ್ಲದ ತಂತಿಯನ್ನೇ ಮತ್ತೆ ಮತ್ತೆ ಬಿಡಿಸಿದಳು.

“ನೋಡಿ, ನಾನು ಯಾರಿಗೂ ಹೇಳೋನಲ್ಲ” ಎಂದ ಅವನು, ದನಿ ತಗ್ಗಿಸಿ. “ಎಂದಿನ ಹಾಗೆ ಎದ್ದು ಇಲ್ಲ ಅನ್ನಿ, ಕೂತ್ಕೊಳ್ಳಿ. ಆಮೇಲೆ ನನ್ನ ಕಡೆ ಒಂದು ಕೈ ಎತ್ತಿ. ಯಜಮಾನರ ಕೆಲಸವೂ ಇರುತ್ತೆ, ನಿಮ್ಮ ಕುರ್ಚಿಯೂ ಇರುತ್ತೆ.”

“ಎತ್ತದಿದ್ದರೆ?”

“ಎತ್ತದಿದ್ದರೆ ನಾನು ಬಾಯಿ ಬಿಡಲೇಬೇಕಲ್ಲಕ್ಕ. ಅರ್ಹತೆ ಇಲ್ಲದವರು ಸುಳ್ಳು ಹೇಳಿ ಕೂತು ಕೊಟ್ಟ ತೀರ್ಮಾನ ನಿಲ್ಲುತ್ತಾ? ಮೇಲಿನ ಕೋರ್ಟಿಗೆ ಹೋದರೆ ಅದೂ ಬಿದ್ದುಹೋಗುತ್ತೆ, ಜೊತೆಗೆ ನಿಮ್ಮ ಮಾನ. ನಾಳೆಯಿಂದ ಯಾರು ಬಟ್ಟೆ ಕೊಡ್ತಾರೆ ನಿಮಗೆ ನಂಬಿ?”

ಇಷ್ಟು ಹೇಳಿ, ಅಂಗಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಬರ್ತೀನಕ್ಕ ಎಂದು ಕೈಮುಗಿದು ಹೋದ. ಬೈದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಸಭೆಗೆ ನಡೆದು ಹೋಗುವಾಗ ದಾರಿ ಸಾಗುತ್ತಲೇ ಇರಲಿಲ್ಲ. ಗಂಡ ಎರಡು ಹೆಜ್ಜೆ ಹಿಂದೆ ಬರುತ್ತಿದ್ದ. ಇಸ್ತ್ರಿಯಕ್ಕ ಮನಸ್ಸಿನಲ್ಲೇ ಆ ಪದವನ್ನು ಹೇಳಿ ನೋಡಿದಳು. ಇಲ್ಲ. ಎಷ್ಟು ಸಣ್ಣ ಮಾತು. ನಾಲಗೆಗೆ ಅಭ್ಯಾಸವಾಗಿ ಹೋಗಿರುವ ಮಾತು. ಚೀಲ ಕಾಯುವುದು ಕಟ್ಟಡದ ಕಸುಬು ಹೌದೋ ಅಲ್ಲವೋ ಯಾರು ನೋಡಿದರು? ತಾನು ಹೇಳಿದ್ದು ಸುಳ್ಳೆಂದು ಸಾಧಿಸಲು ಕಂಟ್ರಾಕ್ಟರಿಗೂ ಅಷ್ಟು ಧೈರ್ಯವಿದೆಯೋ ಇಲ್ಲವೋ. ಇಲ್ಲ ಎಂದುಬಿಟ್ಟು ಅವನ ವಿರುದ್ಧವೇ ಕೈ ಎತ್ತಿದರೆ? ಬಾಯಿ ಬಿಟ್ಟರೆ ಬಿಡಲಿ. ಬಿಡದಿದ್ದರೆ ಮೊಹರೂ ಉಳಿಯಿತು, ಕುರ್ಚಿಯೂ ಉಳಿಯಿತು. ಹೀಗೆ ಲೆಕ್ಕ ಹಾಕುತ್ತ ಹಾಕುತ್ತ ಮಂಡಳಿಯ ಬಾಗಿಲು ಬಂದೇ ಬಿಟ್ಟಿತು.

ಕೋಣೆ ತುಂಬಿತ್ತು. ಕಂಟ್ರಾಕ್ಟರು ಮುಂದಿನ ಬೆಂಚಿನಲ್ಲಿ ಅದೇ ಬಿಳಿ ಅಂಗಿ ತೊಟ್ಟು ಕೂತಿದ್ದ. ಗಂಡ ಹಿಂದಿನ ಸಾಲಿನಲ್ಲಿ, ಕಂಬದ ಮರೆಗೆ ಸರಿದುಕೊಂಡ. ಅವಳು ತನ್ನ ಕುರ್ಚಿಯ ಕೈ ಸವರಿ ಕೂತಳು. ಪಕ್ಕದಲ್ಲಿದ್ದ ಎಲೆಕ್ಟ್ರಿಷಿಯನ್ ಬಾಗಿ, “ಏನಕ್ಕ, ಮುಖ ಬಾಡಿದೆ. ಕರೆಂಟು ಹೋಯ್ತಾ?” ಎಂದು ತಮಾಷೆ ಮಾಡಿದ. ಅವಳಿಗೆ ನಗು ಬರಲಿಲ್ಲ.

ಗುಮಾಸ್ತ ಎದ್ದು ಗಂಟಲು ಸರಿಮಾಡಿಕೊಂಡ. ಒಂದನೆಯ ಕುರ್ಚಿ ಓದಿದ. “ಇದೆ” ಎಂದರು ಅಧ್ಯಕ್ಷರು. ಎರಡನೆಯದು. “ಇದೆ.” ಮೇಸ್ತ್ರಿ ಅರ್ಧ ಎದ್ದು, “ಇದೆ” ಎಂದು ಕೂತ. ಎಲೆಕ್ಟ್ರಿಷಿಯನ್ನೂ ಹೇಳಿದ.

“ಐದನೆಯ ಕುರ್ಚಿ, ಸಾರ್ವಜನಿಕ ಸದಸ್ಯರು. ಇವರಿಗಾಗಲಿ, ಇವರ ಜೊತೆ ಒಂದೇ ಮನೆಯಲ್ಲಿ ವಾಸವಿರುವ ಯಾರಿಗೇ ಆಗಲಿ, ಈಗ ಅಥವಾ ಹಿಂದಿನ ಒಂದು ವರ್ಷದೊಳಗೆ, ಕಟ್ಟಡ ಕಟ್ಟುವ, ಕಟ್ಟಿಸುವ, ಅದಕ್ಕೆ ಸಾಮಾನು ಒದಗಿಸುವ ಕಸುಬಿನಲ್ಲಿ ಸಂಬಂಧ ಇದೆಯೇ?”

ಅವಳು ಎದ್ದಳು. ಗುಮಾಸ್ತ ಉತ್ತರ ಕೇಳುವ ಮೊದಲೇ ಮುಂದಿನ ಹಾಳೆಗೆ ಬೆರಳು ಹಚ್ಚಿದ್ದ. ಎಂದೂ ಬದಲಾಗದ ಉತ್ತರ, ಕಾಯುವುದೇನು. ಸಾಮಾನು ಒದಗಿಸುವ ಎಂಬ ಮಾತು ಅವಳ ಕಿವಿಯಲ್ಲೇ ನಿಂತಿತ್ತು. ಇಷ್ಟು ದಿನ ಕೇಳಿಯೂ ಕೇಳದಂತಿದ್ದ ಮಾತು ಇವತ್ತು ತನ್ನ ಮನೆಯ ಬಾಗಿಲು ತಟ್ಟಿದಂತಾಯಿತು. ಕಂಟ್ರಾಕ್ಟರು ಕಾಲ ಮೇಲೆ ಕಾಲು ಹಾಕಿಕೊಂಡು, ಹೇಳಿ ಹೇಳಿ ಎನ್ನುವಂತೆ ಮೆಲ್ಲಗೆ ತಲೆ ಆಡಿಸಿದ.

ಆ ತಲೆಯಾಡಿಕೆಯನ್ನು ಕಂಡದ್ದೇ ತಡ, ಅವಳ ಲೆಕ್ಕಾಚಾರವೆಲ್ಲ ಕದಡಿಹೋಯಿತು. ಇಲ್ಲ ಎಂದರೆ ಈ ಮನುಷ್ಯ ಪ್ರತಿ ತಿಂಗಳೂ ಹೀಗೇ ತಲೆ ಆಡಿಸುತ್ತಾನೆ. ನೀವೇನಂತೀರಿ ಎಂದು ಅಧ್ಯಕ್ಷರು ಕೇಳಿದಾಗ ಬಾಯಿ ತನ್ನದಿರುತ್ತದೆ, ಮಾತು ಇವನದಿರುತ್ತದೆ.

“ಇದೆ” ಎಂದಳು.

ಹಾಳೆ ತಿರುವುತ್ತಿದ್ದ ಗುಮಾಸ್ತನ ಬೆರಳು ಅಲ್ಲೇ ನಿಂತಿತು. ಅಧ್ಯಕ್ಷರು ಕನ್ನಡಕ ತೆಗೆದರು.

“ಏನಮ್ಮಾ ಅದು?”

“ನನ್ನ ಗಂಡ ಗೋದಾಮಿನಲ್ಲಿ ಸಿಮೆಂಟು ಚೀಲ ನೋಡಿಕೊಳ್ಳೋ ಕೆಲಸಕ್ಕೆ ಸೇರಿದ್ದಾರೆ ಸ್ವಾಮಿ. ನನಗೆ ನಿನ್ನೆ ಗೊತ್ತಾಯ್ತು. ಗೋದಾಮು ಇವರದ್ದು.” ಅವಳು ಬೆರಳು ತೋರಿಸಲಿಲ್ಲ, ಬರೀ ಮುಖ ತಿರುಗಿಸಿದಳು. “ಬೆಳಗ್ಗೆ ಅಂಗಡಿಗೆ ಬಂದು, ಇಲ್ಲ ಅಂತ ಹೇಳಿ ಕೈ ಎತ್ತಿ, ನಾನು ಸುಮ್ಮನಿರ್ತೀನಿ ಅಂದರು.”

ಕೋಣೆಯಲ್ಲಿ ಗುಸುಗುಸು ಎದ್ದಿತು. ಕಂಟ್ರಾಕ್ಟರು ಕಾಲು ಇಳಿಸಿ ಎದ್ದು ನಿಂತ. “ಸ್ವಾಮಿ, ಇದೇನು ಕಥೆ ಕಟ್ತಾರೆ ಈಯಮ್ಮ. ನನ್ನ ಹತ್ತಿರ ಎಷ್ಟೋ ಜನ ದುಡೀತಾರೆ. ಯಾರು ಯಾರ ಗಂಡ ಅಂತ ನಾನು ಕೇಳಿಕೊಂಡು ಕೂರ್ತೀನಾ?”

“ಕೇಳಲಿಲ್ಲ, ಹೌದು. ನಾನೇ ಹೇಳಿದೆ.”

ಎಲ್ಲರೂ ಹಿಂದೆ ತಿರುಗಿದರು. ಕಂಬದ ಮರೆಯಿಂದ ಅವಳ ಗಂಡ ಈಚೆ ಬಂದಿದ್ದ. ಕೈ ಎಲ್ಲಿಡಬೇಕೆಂದು ತೋಚದೆ ಎದುರಿನ ಬೆಂಚಿನ ಅಂಚು ಹಿಡಿದುಕೊಂಡಿದ್ದ. “ವಾಚನಾಲಯದ ಮೆಟ್ಟಿಲ ಮೇಲೆ ಕೂತು ಹೇಳಿದೆ. ನನ್ನ ಹೆಂಡತಿ ಮಂಡಳಿಯಲ್ಲಿದ್ದಾಳೆ, ಅವಳಿಗೆ ತೊಂದರೆಯಾದರೆ ನನಗೆ ಬೇಡ ಅಂದೆ. ಏನಾಗಲ್ಲ ಬಾರಣ್ಣ ಅಂತ ನೀವೇ ನನ್ನ ಭುಜ ತಟ್ಟಿದಿರಿ. ನಾನು ದಡ್ಡ, ನಂಬಿದೆ. ಆದರೆ ಹೇಳಿಲ್ಲ ಅನ್ನಬೇಡಿ.”

ಕಂಟ್ರಾಕ್ಟರು ಏನೋ ಗೊಣಗಿ ಕೂತ. ಅಧ್ಯಕ್ಷರು ಕನ್ನಡಕವನ್ನು ಮತ್ತೆ ಹಾಕಿಕೊಂಡರು. ಆಮೇಲೆ, “ಅಮ್ಮಾ, ಹಾಗಾದರೆ ನೀವು ಮತ ಹಾಕುವಂತಿಲ್ಲ. ಕುರ್ಚಿಯನ್ನೂ ಬಿಟ್ಟುಕೊಡಬೇಕಾಗುತ್ತೆ” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವಳಿಗೆ ಕಷ್ಟವಾಯಿತು.

ಅವಳು ಕುರ್ಚಿಯನ್ನು ಹಿಂದೆ ಸರಿಸಿ, ಸದ್ದಾಗದಂತೆ ಮತ್ತೆ ಮೇಜಿನ ಒಳಕ್ಕೆ ತಳ್ಳಿ, ಬೆಂಚುಗಳ ಕಡೆಗೆ ನಡೆದಳು. ಅಷ್ಟು ದೂರ ನಡೆಯುವುದಕ್ಕೆ ಅವಳಿಗೆ ಎಂದೂ ಅಷ್ಟು ಹೊತ್ತು ಹಿಡಿದಿರಲಿಲ್ಲ. ಮತ ಹಾಕಿದವರು ನಾಲ್ವರೇ. ಅಧ್ಯಕ್ಷರ ಮನಸ್ಸೂ ಮೇಸ್ತ್ರಿಯ ಮನಸ್ಸೂ ಬದಲಾಗಿರಲಿಲ್ಲ, ಮೆಟ್ಟಿಲು ಒಂದೇ ಸಾಕೆಂದರು. ಮಿಕ್ಕಿಬ್ಬರು ಸಾಲದೆಂದರು. ಮೂರು ಮತ ಆಗಲಿಲ್ಲವಾದ್ದರಿಂದ ಮೊಹರು ಹಾಗೇ ಉಳಿಯಿತು. ಐದನೆಯ ಕುರ್ಚಿಗೆ ಹೊಸಬರು ಬಂದ ಮೇಲೆ ಕಂಟ್ರಾಕ್ಟರು ಬೇಕಾದರೆ ಮತ್ತೆ ಬರಬಹುದೆಂದು ಗುಮಾಸ್ತ ಓದಿದ. ಆ ಹೊಸಬರು ಯಾರೋ, ಅವರ ಮನೆಗೆ ಯಾರು ಯಾವ ಕೆಲಸದ ಆಸೆ ಹೊತ್ತು ಹೋಗುತ್ತಾರೋ ಎಂದು ಇಸ್ತ್ರಿಯಕ್ಕ ಬೆಂಚಿನ ಮೇಲೆ ಕೂತು ಯೋಚಿಸಿದಳು.

ಹೊರಗೆ ಬಂದಾಗ ಬಿಸಿಲು ಚುರುಕಾಗಿತ್ತು. ಗಂಡ ಈ ಸಲ ಹಿಂದೆ ಉಳಿಯದೆ ಪಕ್ಕದಲ್ಲೇ ಬಂದ.

“ಬೈದುಬಿಡು” ಎಂದ ಅವನು, ಮೂಲೆ ತಿರುಗಿದ ಮೇಲೆ. “ಹೀಗೆ ಸುಮ್ಮನಿದ್ದರೆ ನನಗೆ ಆಗಲ್ಲ.”

“ಬೈಯೋಕೆ ಈಗ ತ್ರಾಣ ಇಲ್ಲ. ಬೈತೀನಿ, ಅದೆಲ್ಲಿಗೂ ಓಡಿ ಹೋಗಲ್ಲ.” ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. “ನನಗೆ ಬೇಕಾಗಿತ್ತು ಕಣ್ರೀ ಆ ಕುರ್ಚಿ.”

“ಗೊತ್ತು.”

“ಗೊತ್ತಿರಲಿಲ್ಲ ನಿಮಗೆ. ಇವತ್ತು ಗೊತ್ತಾಯ್ತು.”

ಅವನು ಒಪ್ಪಿಕೊಂಡವನಂತೆ ತಲೆಯಾಡಿಸಿದ. ಸ್ವಲ್ಪ ದೂರ ನಡೆದು, “ಇನ್ನು ಗೋದಾಮಿಗೂ ಸೇರಿಸಲ್ಲ ನನ್ನ. ಸಂಜೆಯೊಳಗೆ ಹೇಳಿ ಕಳಿಸ್ತಾನೆ” ಎಂದ.

ಇಸ್ತ್ರಿಯಕ್ಕ ನಿಂತಳು. ಅವನ ಮುಖವನ್ನು ಪೂರ್ತಿ ನೋಡಿದ್ದು ನಿನ್ನೆಯಿಂದ ಅದೇ ಮೊದಲು.

“ಹೇಳಿ ಕಳಿಸೋ ತನಕ ಯಾಕೆ ಕಾಯ್ತೀರಿ? ಹೋಗಿ, ಬರೋದಿಲ್ಲ ಅಂತ ನೀವೇ ಹೇಳಿ ಬನ್ನಿ. ಅವನು ಅಲ್ಲಿಗೆ ತಲುಪೋಕೆ ಮುಂಚೆ. ಅಲ್ಲಿರೋರೆಲ್ಲ ಡ್ರೈವರಣ್ಣ ಅಂತಾರಲ್ಲ, ಅವರ ಮುಂದೇನೇ ಹೇಳಿ.”

ಅವನು ಅಂಗಿಯ ತುದಿ ಎಳೆದು ಸರಿಮಾಡಿಕೊಂಡು, ಬಸ್ಸು ನಿಲ್ದಾಣದ ದಾರಿ ಹಿಡಿದ. ಮೊದಲು ನಿಧಾನವಾಗಿಯೇ ಇದ್ದ ನಡಿಗೆ ರಸ್ತೆ ದಾಟಿದ ಮೇಲೆ ಬಿರುಸಾಯಿತು. ಅವನು ತಿರುವಿನಲ್ಲಿ ಮರೆಯಾಗುವ ತನಕ ನೋಡಿ, ಇಸ್ತ್ರಿಯಕ್ಕ ಅಂಗಡಿಯ ಕಡೆ ಹೊರಟಳು.